ಜೋಕ್ ಅರ್ಥ ಆಗ್ಲಿಲ್ಲ ಅಂತ ಹೇಳೋದಕ್ಕೂ ಧೈರ್ಯ ಬೇಕು

ಕಳೆದ ತಿಂಗಳು ನಮ್ಮ ಆಫೀಸಿನ ಊಟದ ಟೇಬಲ್ ಮೇಲೆ ಒಂದು ಪುಸ್ತಕದ ವಿಷಯಕ್ಕೆ ಜಗಳ ಆಯ್ತು. ದೊಡ್ಡ ಜಗಳವೇನಲ್ಲ, ಡಬ್ಬಿಯ ಸಾರು ಆರಿ ಹೋಗುವಷ್ಟು ಹೊತ್ತು ನಡೆಯಿತು ಅಷ್ಟೇ. ನಾವು ಐದು ಜನ ಎರಡು ತಿಂಗಳಿಗೊಂದು ಪುಸ್ತಕ ಓದಿ ಮಾತಾಡ್ತೀವಿ. ಈ ಸಲ ಆರಿಸುವ ಸರದಿ ನನ್ನದು. ದಪ್ಪ ಕಾದಂಬರಿ ಕೊಟ್ಟರೆ ಯಾರೂ ಮುಗಿಸಲ್ಲ ಅನ್ನೋದು ಹಳೇ ಅನುಭವ. ಅದಕ್ಕೇ ಒಂದು ಗ್ರಾಫಿಕ್ ನಾವೆಲ್ ಹೆಸರು ಹೇಳಿದೆ. ಎಮಿಲಿ ಮೆಕ್‌ಗವರ್ನ್ ಬರೆದು ಚಿತ್ರಿಸಿದ ‘ಬ್ಲಡ್‌ಲಸ್ಟ್ ಆ್ಯಂಡ್ ಬಾನೆಟ್ಸ್’. ಬಂದದ್ದು 2019ರಲ್ಲಿ. ಬಣ್ಣದ ಚಿತ್ರ, ಸುಮಾರು 200 ಪುಟ, ಮಾತು ಕಡಿಮೆ, ತಮಾಷೆ ಜಾಸ್ತಿ. ಮೆಟ್ರೋದಲ್ಲಿ ಹೋಗಿ ಬರೋವಾಗ ಮುಗಿಸಬಹುದು ಅಂತ ನನ್ನ ಲೆಕ್ಕ.

ಕಥೆ ಹೀಗಿದೆ. ಹತ್ತೊಂಬತ್ತನೇ ಶತಮಾನದ ಶುರುವಿನ ಇಂಗ್ಲೆಂಡ್. ಲೂಸಿ ಅನ್ನೋ ಹುಡುಗಿ. ಒಳ್ಳೇ ಮನೆತನ, ಮದುವೆ ವಯಸ್ಸು, ಲೋಕಜ್ಞಾನ ಸೊನ್ನೆ. ಜೀವನದಲ್ಲಿ ಏನಾದ್ರೂ ರೋಚಕವಾದದ್ದು ಆಗಬೇಕು ಅನ್ನೋ ಆಸೆ ಮಾತ್ರ ತುಂಬಾ. ಆ ಆಸೆ ಲೇಡಿ ವಯೊಲೆಟ್ ಟ್ರಾವೆಸ್ಟಿ ಎಂಬಾಕೆಯ ಕಣ್ಣಿಗೆ ಬೀಳುತ್ತೆ. ಆಕೆ ಊರಿನ ವ್ಯಾಂಪೈರ್ ಪಂಥದ ನಾಯಕಿ. ಲೂಸಿ ಆ ದಾರಿ ಹಿಡಿಯುವ ಮೊದಲೇ ಕವಿ ಲಾರ್ಡ್ ಬೈರನ್ ಮತ್ತು ಶ್ಯಾಮ್ ಎಂಬ ನಿಗೂಢ ಬೇಟೆಗಾರರ ಜೊತೆ ಸಿಕ್ಕಿಕೊಳ್ತಾಳೆ. ಆಮೇಲೆ ಮೂವರೂ ದೇಶ ಸುತ್ತುತ್ತಾ, ದೊಡ್ಡವರ ನೃತ್ಯಕೂಟಗಳನ್ನು ಹಾಳು ಮಾಡುತ್ತಾ, ವ್ಯಾಂಪೈರ್‌ಗಳನ್ನು ಕೊಲ್ಲುತ್ತಾ, ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಾ ಹೋಗ್ತಾರೆ. ನೆಪೋಲಿಯನ್ ಅನ್ನೋ ಹೆಸರಿನ, ಮನಸ್ಸಿನಲ್ಲೇ ಮಾತಾಡುವ ಒಂದು ಹದ್ದೂ ಇದೆ. ಇಷ್ಟು ಹೇಳಿದ್ರೆ ಪುಸ್ತಕದ ಧಾಟಿ ನಿಮಗೆ ಗೊತ್ತಾಗಿರಬೇಕು.

ಈಗ ನಮ್ಮ ಟೇಬಲ್‌ನ ಅಭಿಪ್ರಾಯಗಳು.

ಮೊದಲನೆಯವನು ಟೆಸ್ಟಿಂಗ್ ಟೀಮಿನವನು. ಅವನಿಗೆ ಪುಸ್ತಕ ಪೂರ್ತಿ ಇಷ್ಟ. ರಾತ್ರಿ ಹನ್ನೆರಡಕ್ಕೆ ಒಬ್ಬನೇ ನಕ್ಕು ರೂಮ್‌ಮೇಟ್ ಹತ್ರ ಬೈಸಿಕೊಂಡನಂತೆ. ತಾನೇ ಜಗತ್ತಿನ ಕೇಂದ್ರ ಅಂದುಕೊಂಡು ಓಡಾಡುವ ಬೈರನ್‌ನನ್ನು ನೋಡಿದರೆ ಅವನಿಗೆ ತನ್ನ ಹಳೇ ಮ್ಯಾನೇಜರ್ ನೆನಪಾಗ್ತಾರಂತೆ.

ಎರಡನೆಯವಳಿಗೆ ಅರ್ಧ ಇಷ್ಟ. ಜೋಕುಗಳು ಚೆನ್ನಾಗಿವೆ, ಕಥೆಗೆ ಮಾತ್ರ ಬೆನ್ನೆಲುಬು ಇಲ್ಲ ಅಂತ ಅವಳ ದೂರು. ಎಲ್ಲಿಂದ ಎಲ್ಲಿಗೆ ಹೋಗ್ತಿದ್ದಾರೆ, ಯಾಕೆ ಹೋಗ್ತಿದ್ದಾರೆ ಅನ್ನೋದು ಮಧ್ಯದಲ್ಲಿ ಕಳೆದುಹೋಗುತ್ತೆ ಅಂದಳು. ಮುಖಗಳ ಬಗ್ಗೆಯೂ ತಕರಾರಿತ್ತು. ಮೆಕ್‌ಗವರ್ನ್ ಶೈಲಿಯಲ್ಲಿ ಮುಖ ಅಂದ್ರೆ ಹೆಚ್ಚುಕಮ್ಮಿ ಎರಡು ಚುಕ್ಕೆ ಕಣ್ಣು ಅಷ್ಟೇ. ಫೋನಿನ ಪರದೆಯಲ್ಲಿ ಯಾರು ಯಾರು ಅಂತ ಟೋಪಿ ನೋಡಿ ಗುರುತು ಹಿಡಿಯಬೇಕಾಯ್ತಂತೆ. ಈ ದೂರಿನಲ್ಲಿ ನಿಜ ಇದೆ. ನನಗೂ ಎರಡು ಸಲ ಹಿಂದೆ ಹೋಗಿ ನೋಡಬೇಕಾಯ್ತು.

ಮೂರನೆಯವಳು ಜೇನ್ ಆಸ್ಟಿನ್ ಭಕ್ತೆ. ಅವಳಿಗೆ ಸಿಟ್ಟೇ ಬಂದಿತ್ತು. ಆಸ್ಟಿನ್ ಕಾಲದ ಆ ಸೂಕ್ಷ್ಮ ಲೋಕಕ್ಕೆ ರಕ್ತ, ಕತ್ತಿ, ಭೂತ ಸೇರಿಸೋದು ಈಗಿನವರ ಚಟ ಅನ್ನೋದು ಅವಳ ವಾದ. 2009ರಲ್ಲಿ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್ ಆ್ಯಂಡ್ ಝಾಂಬೀಸ್’ ಬಂದು ಗೆದ್ದ ಮೇಲೆ ಎಲ್ಲರೂ ಅದೇ ಸೂತ್ರ ಹಿಡಿದಿದ್ದಾರೆ ಅಂದಳು.

ನಾಲ್ಕನೆಯ ಹುಡುಗಿ ಏನೂ ಹೇಳಲಿಲ್ಲ. ಎಲ್ಲರೂ ನಕ್ಕಾಗ ನಕ್ಕಳು, ಪಲ್ಯ ಹಂಚಿದಳು, ಕೊನೆಗೆ ‘ಚೆನ್ನಾಗಿದೆ’ ಅಂತಷ್ಟೇ ಅಂದಳು. ಅವಳ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಆಸ್ಟಿನ್ ಭಕ್ತೆಯ ಸಿಟ್ಟಿಗೆ ಉತ್ತರ ಹುಡುಕೋಣ, ಯಾಕಂದ್ರೆ ಅವಳ ಆರೋಪ ನನ್ನನ್ನು ಒಂದು ವಾರ ಓದಿಸಿತು.

ರೀಜೆನ್ಸಿ ಅಂದ್ರೆ ಇಂಗ್ಲೆಂಡಿನಲ್ಲಿ 1811ರಿಂದ 1820ರವರೆಗಿನ ಕಾಲ. ರಾಜ ಮೂರನೇ ಜಾರ್ಜ್‌ಗೆ ಮಾನಸಿಕ ಕಾಯಿಲೆ. ಅವನ ಪರವಾಗಿ ಮಗ ರಾಜಪ್ರತಿನಿಧಿಯಾಗಿ ಆಳಿದ, ಅದಕ್ಕೇ ಆ ಹೆಸರು. ನೃತ್ಯಕೂಟ, ಕುದುರೆಗಾಡಿ, ಎತ್ತರ ಸೊಂಟದ ಗೌನು, ವರಾನ್ವೇಷಣೆ ಎಲ್ಲಾ ಈ ಕಾಲದ ಚಿತ್ರಗಳು. ಆಸ್ಟಿನ್ ಕಾದಂಬರಿಗಳು ಅಚ್ಚಾದದ್ದೂ ಆಗಲೇ. ಈ ಕಾಲಕ್ಕೂ ವ್ಯಾಂಪೈರ್‌ಗೂ ಏನು ಸಂಬಂಧ, ಡ್ರಾಕುಲಾ ಬಂದಿದ್ದು 1897ರಲ್ಲಿ ಅಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ಇಂಗ್ಲಿಷ್ ಸಾಹಿತ್ಯದ ಮೊದಲ ಸೂಟುಬೂಟಿನ ವ್ಯಾಂಪೈರ್ ಹುಟ್ಟಿದ್ದು ಇದೇ ರೀಜೆನ್ಸಿಯಲ್ಲಿ. ಅದಕ್ಕೆ ಮಾದರಿಯಾದ ಮನುಷ್ಯ ಇದೇ ಲಾರ್ಡ್ ಬೈರನ್!

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಪರಿಣಾಮವಾಗಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ, ಚಳಿ, ಕತ್ತಲು. ಮದುವೆ ಮುರಿದು, ಹಗರಣಗಳ ನಡುವೆ ದೇಶ ಬಿಟ್ಟಿದ್ದ ಬೈರನ್ ಆಗ ಜಿನೀವಾ ಸರೋವರದ ಪಕ್ಕದ ಒಂದು ಬಂಗಲೆಯಲ್ಲಿದ್ದ. ಜೊತೆಗೆ ಅವನ ಖಾಸಗಿ ಡಾಕ್ಟರ್ ಜಾನ್ ಪಾಲಿಡೋರಿ, ವಯಸ್ಸು 20. ಕವಿ ಶೆಲ್ಲಿ ಮತ್ತು ಮುಂದೆ ಅವನ ಹೆಂಡತಿಯಾದ 18ರ ಮೇರಿ ಅಲ್ಲಿಗೆ ಬಂದು ಹೋಗ್ತಿದ್ರು. ಮಳೆಗೆ ಹೊರಗೆ ಹೋಗೋಕಾಗದೆ ದೆವ್ವದ ಕಥೆ ಓದಿದರು. ನಾವೂ ಒಂದೊಂದು ಬರೆಯೋಣ ಅಂತ ಬೈರನ್ ಸೂಚಿಸಿದ. ಮೇರಿ ಬರೆದಿದ್ದು 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಆಗಿ ಹೊರಬಂತು. ಬೈರನ್ ಒಂದು ಕಥೆ ಶುರು ಮಾಡಿ ಕೈಬಿಟ್ಟ. ಆ ಎಳೆ ಹಿಡಿದು ಪಾಲಿಡೋರಿ ಬರೆದ ಕಥೆಯೇ ‘ದಿ ವ್ಯಾಂಪೈರ್’.

ಹಳ್ಳಿ ಕಥೆಗಳಲ್ಲಿ ಅಲ್ಲಿವರೆಗೆ ರಕ್ತ ಹೀರುವ ಪ್ರೇತ ಅಂದ್ರೆ ಗೋರಿಯಿಂದ ಎದ್ದುಬಂದ ಊದಿಕೊಂಡ ಹೆಣ. ಪಾಲಿಡೋರಿಯ ಲಾರ್ಡ್ ರೂಥ್ವೆನ್ ಹಾಗಲ್ಲ. ದೊಡ್ಡ ಮನುಷ್ಯ, ಬಿಳಿಚಿದ ಮುಖ, ಸಭ್ಯ ನಡವಳಿಕೆ. ಪಾರ್ಟಿಗಳಿಗೆ ಬರ್ತಾನೆ, ಹೆಂಗಸರು ಮರುಳಾಗ್ತಾರೆ, ನಂಬಿದವರೆಲ್ಲ ಹಾಳಾಗ್ತಾರೆ. ಓದಿದವರಿಗೆ ಇದು ಯಾರ ಚಿತ್ರ ಅಂತ ತಕ್ಷಣ ಗೊತ್ತಾಗುತ್ತಿತ್ತು. ರೂಥ್ವೆನ್ ಅನ್ನೋ ಹೆಸರೂ ಹೊಸದಲ್ಲ. ಬೈರನ್‌ನ ಹಳೇ ಪ್ರೇಯಸಿ ಲೇಡಿ ಕ್ಯಾರೊಲಿನ್ ಲ್ಯಾಂಬ್ 1816ರ ತನ್ನ ಕಾದಂಬರಿಯಲ್ಲಿ ಅವನನ್ನು ಅಣಕಿಸೋಕೆ ಬಳಸಿದ್ದ ಹೆಸರೇ ಅದು.

ಮುಂದಿನದು ಇನ್ನೂ ವಿಚಿತ್ರ. 1819ರ ಏಪ್ರಿಲ್‌ನಲ್ಲಿ ಈ ಕಥೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯ್ತು, ಬೈರನ್ ಹೆಸರಿನಲ್ಲಿ! ನಾನು ಬರೆದಿಲ್ಲ ಅಂತ ಬೈರನ್ ಹೇಳಿದ, ನಾನು ಬರೆದದ್ದು ಅಂತ ಪಾಲಿಡೋರಿ ಹೇಳಿದ. ಅಷ್ಟರಲ್ಲಿ ಕಥೆ ಯುರೋಪ್ ತುಂಬಾ ಓಡಾಡ್ತಿತ್ತು. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು. ಪ್ರೆಸೆಂಟೇಶನ್ ತಯಾರಿಸಿ ಕೊಟ್ಟು ಮೀಟಿಂಗಿನಲ್ಲಿ ಹಿಂದಿನ ಸಾಲಲ್ಲಿ ಕೂತವರಿಗೆ ಈ ನೋವು ಚೆನ್ನಾಗಿ ಗೊತ್ತು. ಪಾಲಿಡೋರಿ 1821ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ.

ಈಗ ಮೆಕ್‌ಗವರ್ನ್ ಪುಸ್ತಕಕ್ಕೆ ವಾಪಸ್ ಬನ್ನಿ. ವ್ಯಾಂಪೈರ್‌ಗೇ ಮಾದರಿಯಾಗಿದ್ದ ಮನುಷ್ಯ ಇಲ್ಲಿ ವ್ಯಾಂಪೈರ್ ಬೇಟೆಗೆ ಹೊರಟಿದ್ದಾನೆ. ಅಸಲಿ ತಮಾಷೆ ಇರೋದು ಅಲ್ಲಿ. ರೀಜೆನ್ಸಿಗೆ ಭೂತವನ್ನು ಹೊರಗಿಂದ ತಂದು ಅಂಟಿಸಿದ್ದಲ್ಲ, ಅದು ಅಲ್ಲೇ ಹುಟ್ಟಿ ಬೆಳೆದದ್ದು. ಇನ್ನು ಆಸ್ಟಿನ್ ಬಗ್ಗೆ ಹೇಳೋದಾದ್ರೆ, ದೆವ್ವದ ಕಾದಂಬರಿ ಓದಿ ಓದಿ ಎಲ್ಲ ಕಡೆ ಕೊಲೆ ಕಾಣುವ ಹುಡುಗಿಯನ್ನು ಇಟ್ಟುಕೊಂಡು ಆಕೆಯೇ ‘ನಾರ್ಥ್ಯಾಂಗರ್ ಆ್ಯಬಿ’ ಬರೆದಿದ್ದಾಳೆ. ಆಕೆ 1817ರಲ್ಲಿ ತೀರಿಕೊಂಡ ಮೇಲೆ ಅದು ಅಚ್ಚಾಯ್ತು. ಹಾಗಾಗಿ ರೋಚಕ ಕಥೆಗೆ ಹಾತೊರೆಯುವ ಲೂಸಿಗೆ ಆ ಮನೆಯಲ್ಲೂ ಒಬ್ಬಳು ಅಕ್ಕ ಇದ್ದಾಳೆ ಅನ್ನಬಹುದು.

ಇದನ್ನೆಲ್ಲ ಊಟದ ಟೇಬಲ್‌ನಲ್ಲಿ ಜಂಬದಿಂದ ಹೇಳಿದೆ. ಆಸ್ಟಿನ್ ಭಕ್ತೆ ಪೂರ್ತಿ ಒಪ್ಪಲಿಲ್ಲ, ಸ್ವಲ್ಪ ತಣ್ಣಗಾದಳು. ನಾನು ಗೆದ್ದೆ ಅಂದುಕೊಂಡೆ.

ಅವತ್ತು ಸಂಜೆ ಕ್ಯಾಬ್‌ನಲ್ಲಿ ನಾಲ್ಕನೆಯ ಹುಡುಗಿ ನನ್ನ ಪಕ್ಕ ಕೂತಿದ್ದಳು. ಸುಮಾರು ದೂರ ಹೋದ ಮೇಲೆ ಕೇಳಿದಳು, “ಅಕ್ಕಾ, ಬೈರನ್ ಯಾರು ಅಂತ ಗೊತ್ತಿಲ್ಲದೆ ಇದನ್ನ ಓದಿದ್ರೆ ತಪ್ಪಾ?”

ಅವಳು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಕೆಲಸದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಆದರೆ ಈ ಥರದ ಮಾತು ಶುರುವಾದ್ರೆ ಸುಮ್ಮನಾಗಿಬಿಡ್ತಾಳೆ. ಮೊದಲ ಮೂವತ್ತು ಪುಟ ಎಲ್ಲಿ ನಗಬೇಕು ಅನ್ನೋದೇ ತಿಳಿಯಲಿಲ್ಲವಂತೆ. ನೀವೆಲ್ಲ ನಗೋದು ನೋಡಿ, ನನ್ನಲ್ಲೇ ಏನೋ ಕೊರತೆ ಅನ್ನಿಸ್ತು ಅಂದಳು. ಊಟದ ಟೇಬಲ್‌ನಲ್ಲಿ ನಾನು ಮಾಡಿದ ಭಾಷಣ ಅವಳಿಗೆ ಹೇಗೆ ಕೇಳಿಸಿರಬೇಕು ಅಂತ ಆಗ ಹೊಳೆಯಿತು. ಎರಡು ವಾರದ ಹಿಂದೆ ಪಾಲಿಡೋರಿ ಹೆಸರು ನನಗೂ ಗೊತ್ತಿರಲಿಲ್ಲ. ಅದನ್ನು ಮಾತ್ರ ನಾನು ಹೇಳಿರಲಿಲ್ಲ.

ಅಣಕದ ಹಾಸ್ಯದ ಕಷ್ಟವೇ ಇದು. ಯಕ್ಷಗಾನದಲ್ಲಿ ಹಾಸ್ಯಗಾರ ಬಂದು ರಾಜನ ಮಾತನ್ನು ವಕ್ರ ಮಾಡಿ ಹೇಳಿದಾಗ ಪ್ರಸಂಗ ಗೊತ್ತಿರೋ ಅಜ್ಜ ಬಿದ್ದು ಬಿದ್ದು ನಗ್ತಾರೆ. ಪಕ್ಕದಲ್ಲಿ ಕೂತ ಸಿಟಿ ಮೊಮ್ಮಗ ಮಿಕಿಮಿಕಿ ನೋಡ್ತಾನೆ. ಮೊಮ್ಮಗ ದಡ್ಡ ಅಂತ ಯಾರೂ ಅನ್ನಲ್ಲ, ಕಥೆ ಹೇಳಿಕೊಡ್ತಾರೆ. ಇಂಗ್ಲಿಷ್ ಪುಸ್ತಕ ಅಂದ ತಕ್ಷಣ ಮಾತ್ರ ಗೊತ್ತಿಲ್ಲ ಅನ್ನೋದು ನಾಚಿಕೆ ಆಗಿಬಿಡುತ್ತೆ. ಯಾಕೋ!

ನಾನು ಕೇಳಿದೆ, ಮೂವತ್ತು ಪುಟ ಆದ ಮೇಲೆ ಏನಾಯ್ತು? ಆಗ ಅವಳು ಹೇಳಿದ ಮಾತು ನನ್ನ ಒಂದು ವಾರದ ಓದಿಗಿಂತ ಚೆನ್ನಾಗಿತ್ತು. “ಆಮೇಲೆ ಗೊತ್ತಾಯ್ತು ಅಕ್ಕಾ, ಇದರಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಎಲ್ಲರೂ ಗೊತ್ತಿರೋ ಹಾಗೆ ನಟಿಸ್ತಾರೆ. ಬೈರನ್‌ಗೆ ತಾನು ಹೀರೋ ಅಂತ ತೋರಿಸ್ಕೋಬೇಕು. ಆ ಬೇಟೆಗಾರರಿಗೆ ಮನಸ್ಸಲ್ಲಿ ಏನೂ ಇಲ್ಲ ಅಂತ ತೋರಿಸ್ಕೋಬೇಕು. ಲೂಸಿಗಂತೂ ಒಂದೂ ನಿಯಮ ಗೊತ್ತಿಲ್ಲ, ಸುಮ್ನೆ ನುಗ್ತಾಳೆ. ಹೊಸ ಪ್ರಾಜೆಕ್ಟಿಗೆ ಹಾಕಿದಾಗ ನಾನೂ ಹಾಗೇ.”

ನಿಜ ಅಲ್ವಾ? ಮೂವರೂ ಪುಸ್ತಕದ ಉದ್ದಕ್ಕೂ ಮಾಡೋ ದೊಡ್ಡ ಸಾಹಸ ವ್ಯಾಂಪೈರ್ ಬೇಟೆ ಅಲ್ಲ. ಒಬ್ಬರ ಮೇಲೆ ಒಬ್ಬರಿಗೆ ಇರೋ ಪ್ರೀತಿ ಹೊರಗೆ ಕಾಣದ ಹಾಗೆ ಮುಚ್ಚಿಡೋದು. ಕತ್ತಿ ಹಿಡಿಯೋಕೆ ಹೆದರದವರು ಒಂದು ನಿಜ ಮಾತು ಹೇಳೋಕೆ ಹೆದರ್ತಾರೆ. ಆ ಚುಕ್ಕೆ ಕಣ್ಣಿನ ಮುಖಗಳೂ ಆಗ ನನಗೆ ಬೇರೆ ಥರ ಕಂಡವು. ಮುಖದಲ್ಲಿ ಏನೂ ತೋರಿಸದವರ ಕಥೆಗೆ ಅದು ಸರಿಯಾಗೇ ಹೊಂದುತ್ತೆ.

ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. ಒಳ್ಳೇ ಮನೆ ಹುಡುಗಿಗೆ ವ್ಯಾಂಪೈರ್ ಪಂಥ ಯಾಕೆ ಅಷ್ಟು ಆಸೆ ಹುಟ್ಟಿಸ್ತು? ನನಗೆ ಅನ್ನಿಸಿದ್ದು ಇಷ್ಟು. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿಪಾಸ್ತಿ ಸಾಮಾನ್ಯವಾಗಿ ಗಂಡನ ಹಿಡಿತಕ್ಕೆ ಹೋಗ್ತಿತ್ತು. ಮದುವೆಯಾದ ಹೆಂಗಸು ತನ್ನ ಹೆಸರಲ್ಲೇ ಆಸ್ತಿ ಇಟ್ಟುಕೊಳ್ಳೋಕೆ ಪೂರ್ತಿ ಹಕ್ಕು ಕೊಟ್ಟ ಕಾಯ್ದೆ ಬಂದಿದ್ದು 1882ರಲ್ಲಿ. ನೃತ್ಯಕೂಟ ಅನ್ನೋದು ಚೆಂದದ ಬಟ್ಟೆ ಹಾಕಿದ ವಧುಪರೀಕ್ಷೆ. ಅಂಥ ಹುಡುಗಿಗೆ ಯಾರೋ ಬಂದು ಬೇರೆ ಬದುಕೇ ಕೊಡ್ತೀನಿ ಅಂದ್ರೆ, ಜೊತೆಗೆ ಸ್ವಲ್ಪ ರಕ್ತ ಕುಡಿಯಬೇಕು ಅನ್ನೋ ಷರತ್ತು ಅಷ್ಟೇನೂ ಭಯಾನಕ ಅನ್ನಿಸಲಿಕ್ಕಿಲ್ಲ. ಹುಡುಗಿ ಜೋರಾಗಿ ನಕ್ಕಳು. ಅವಳ ಮನೆಯಲ್ಲಿ ಆಗಲೇ ಜಾತಕ ಹೊರಗೆ ಹೋಗಿದೆಯಂತೆ.

ಹಾಗಾದ್ರೆ ಪುಸ್ತಕ ಓದಬಹುದಾ ಅಂತ ಕೇಳಿದ್ರೆ, ಓದಿ ಅಂತೀನಿ. ಗಟ್ಟಿ ಕಥೆ ಬೇಕು ಅನ್ನೋರಿಗೆ ಮಧ್ಯದಲ್ಲಿ ಬೇಜಾರಾಗಬಹುದು. ಆದಷ್ಟು ದೊಡ್ಡ ಪರದೆಯಲ್ಲಿ, ಆದ್ರೆ ಕಾಗದದಲ್ಲೇ ನೋಡಿ. ಬೈರನ್ ಬಗ್ಗೆ ಏನೂ ಗೊತ್ತಿಲ್ಲದಿದ್ರೆ ಹಾಗೇ ಶುರು ಮಾಡಿ. ಗೊತ್ತಾದ ಮೇಲೆ ಎರಡನೇ ಸಲ ನಗೋಕೆ ಒಂದಿಷ್ಟು ಉಳಿದಿರುತ್ತೆ.

ಮುಂದಿನ ಸಲ ಪುಸ್ತಕ ಆರಿಸುವ ಸರದಿ ಅವಳದು. ಅವಳು ತನ್ನ ಊರಿನ ಲೈಬ್ರರಿಯಲ್ಲಿ ಓದಿದ್ದ ಒಂದು ಕನ್ನಡ ಪತ್ತೇದಾರಿ ಕಾದಂಬರಿ ಹೇಳಿದ್ದಾಳೆ. ಆಸ್ಟಿನ್ ಭಕ್ತೆ ಈಗಲೇ ಕೇಳ್ತಿದ್ದಾಳೆ, ‘ಹಳೇ ಕನ್ನಡ ನನಗೆ ಕಷ್ಟ, ಅರ್ಥ ಆಗದಿದ್ರೆ?’

ಅರ್ಥ ಆಗದಿದ್ರೆ ಕೇಳು ಅಂದಿದ್ದೀನಿ. ಈ ಸಲ ನಾವು ಐದೂ ಜನ ಅದನ್ನೇ ನಿಯಮ ಮಾಡಿಕೊಂಡಿದ್ದೀವಿ.