ಜೊತೆಗಾರರು ಹೋದ ಮೇಲೆ ಉಳಿದ ಆಟ

ಪಬ್‌ಜಿ ಮೊಬೈಲ್‌ಗೆ ಬಂದು ಏಳು ವರ್ಷ ದಾಟಿತು. 2018ರ ಮಾರ್ಚ್‌ನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೈಸ್ಕೂಲುಗಳಲ್ಲಿದ್ದ ಹುಡುಗರು ಈಗ ಇಪ್ಪತ್ತು ದಾಟಿದ ತರುಣರು. ಕೆಲವರು ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಕೆಲವರು ಹೊಲಕ್ಕೆ ಮರಳಿದ್ದಾರೆ. ಇನ್ನು ಕೆಲವರು ಪೊಲೀಸ್ ಭರ್ತಿಗೆ, ಪಿಡಿಒ ಪರೀಕ್ಷೆಗೆ ಓದುತ್ತ ವಿಜಯಪುರ, ಧಾರವಾಡದ ಬಾಡಿಗೆ ರೂಮುಗಳಲ್ಲಿದ್ದಾರೆ. ಅವರನ್ನು ಒಂದು ಮಾತು ಕೇಳಬೇಕು: ಆ ಆಟದಲ್ಲಿ ಇನ್ನೂ ಮಜಾ ಉಳಿದಿದೆಯೇ? ಕೇಳಿದಾಗ ಮತ್ತೆ ಮತ್ತೆ ಸಿಗುವ ಉತ್ತರ, ‘ಆಟ ಐತ್ರಿ, ಜೋಡಿ ಆಡಾವ್ರಿಲ್ಲ’ ಎಂಬುದು.

ಈ ಉತ್ತರವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಇಷ್ಟು ವರ್ಷ ನಮ್ಮ ಊರುಗಳಲ್ಲಿ ಆನ್‌ಲೈನ್ ಆಟದ ಬಗ್ಗೆ ನಡೆದ ಚರ್ಚೆಯೆಲ್ಲ ಚಟ, ಕಣ್ಣುನೋವು, ಪರೀಕ್ಷೆಯ ಅಂಕ, ರಿಚಾರ್ಜ್ ಖರ್ಚು ಇವುಗಳ ಸುತ್ತಲೇ ಸುತ್ತಿತು. ಚಿಂತೆ ನಿಜವಾದದ್ದೇ. ಆದರೆ ಹುಡುಗರಿಗೆ ಅಲ್ಲಿ ಸಿಕ್ಕ ಸಂತೋಷ ಎಂಥದ್ದು, ಅದು ಯಾಕೆ ಕರಗಿತು ಎಂಬುದನ್ನು ಹಿರಿಯರು ವಿಚಾರಿಸಿದ್ದು ಕಡಿಮೆ. ಅದನ್ನು ವಿಚಾರಿಸದೆ ಹಾಕಿದ ಲೆಕ್ಕ ಅರ್ಧ ಲೆಕ್ಕ.

ಸಾವಿರಾರು ಜನ ಒಂದೇ ಲೋಕದೊಳಗೆ ಒಂದೊಂದು ಪಾತ್ರ ತೊಟ್ಟು ವರ್ಷಗಟ್ಟಲೆ ಆಡುವ ಆಟಗಳಿಗೆ ನಾಲ್ಕೂವರೆ ದಶಕಗಳ ಚರಿತ್ರೆಯಿದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಬರೀ ಅಕ್ಷರಗಳ ಮೇಲೆ ನಡೆಯುವ ‘ಮಡ್’ ಎಂಬ ಆಟವನ್ನು ಕಟ್ಟಿದರು. 1997ರಲ್ಲಿ ಅಲ್ಟಿಮಾ ಆನ್‌ಲೈನ್, 1999ರಲ್ಲಿ ಎವರ್‌ಕ್ವೆಸ್ಟ್, 2004ರ ನವೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದವು. ಇವು ನಮ್ಮ ತಾಲ್ಲೂಕುಗಳ ಹುಡುಗರ ಕೈಗೆ ಎಟುಕುವಂತಿರಲಿಲ್ಲ. ವಾರ್‌ಕ್ರಾಫ್ಟ್ ಆಡಲು ಒಳ್ಳೆಯ ಕಂಪ್ಯೂಟರ್ ಬೇಕು, ಕಡಿಯದ ಬ್ರಾಡ್‌ಬ್ಯಾಂಡ್ ಬೇಕು, ತಿಂಗಳು ತಿಂಗಳು ಚಂದಾ ಕಟ್ಟಬೇಕು. ಮೂರೂ ಇರುವ ಮನೆಗಳು ಇಲ್ಲಿ ಎಷ್ಟಿದ್ದವು? 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬಂದು ಡೇಟಾ ಅಗ್ಗವಾಯಿತು. ಒಂದೂವರೆ ವರ್ಷಕ್ಕೆ ಪಬ್‌ಜಿ, ಅದರ ಜೊತೆಗೇ ಅಗ್ಗದ ಫೋನಿನಲ್ಲೂ ಓಡುವ ಫ್ರೀ ಫೈರ್ ಬಂದವು. ಇವನ್ನು ಪಾತ್ರದ ಆಟ ಎಂದು ಶಾಸ್ತ್ರದವರು ಒಪ್ಪಲಿಕ್ಕಿಲ್ಲ, ಬಂದೂಕಿನ ಆಟ ಎನ್ನುತ್ತಾರೆ. ನಮ್ಮ ಹುಡುಗರು ಇವುಗಳನ್ನು ಪಾತ್ರ ಕಟ್ಟಿಕೊಂಡೇ ಆಡಿದರು.

ಪಬ್‌ಜಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಎರಾಂಗೆಲ್ ಎಂಬ ದ್ವೀಪ. ವಿಮಾನದಿಂದ ನೂರು ಜನ ಇಳಿಯುತ್ತಾರೆ. ಸುತ್ತಲಿನ ವೃತ್ತ ಕಿರಿದಾಗುತ್ತ ಬರುತ್ತದೆ, ಹೊರಗುಳಿದವನು ಸಾಯುತ್ತಾನೆ. ಒಂದು ಸ್ಕ್ವಾಡ್‌ಗೆ ನಾಲ್ವರು. ಒಬ್ಬ ದೂರದಿಂದ ಗುರಿಯಿಟ್ಟು ಹೊಡೆಯುವವನು. ಒಬ್ಬ ಮುಂದೆ ನುಗ್ಗುವವನು. ಒಬ್ಬ ಔಷಧಿ ಸಾಮಾನು ಹೊತ್ತುಕೊಂಡು ಬಿದ್ದವರನ್ನು ಎಬ್ಬಿಸುವವನು. ಇನ್ನೊಬ್ಬ, ಎಲ್ಲಿ ಇಳಿಯಬೇಕು, ಯಾವಾಗ ಹೊರಡಬೇಕು ಎಂದು ಹುಕುಂ ಕೊಡುವವನು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇಬ್ಬರು, ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಒಬ್ಬ, ಗೋವಾದಲ್ಲಿ ದುಡಿಯುವ ಅಣ್ಣನ ಜೋಡಿ ಹೋದವನೊಬ್ಬ. ಕಿವಿಯಲ್ಲಿ ಇಯರ್‌ಫೋನ್. ‘ಮನಿ ಹಿಂದ ಅದಾನಲೇ, ಹೊರಗ ಬರಬ್ಯಾಡ.’ ‘ಲಗೂನ ಎಬ್ಬಸೋ, ಹ್ವಾದ್ನಿ.’ ದಕ್ಷಿಣ ಕೊರಿಯಾದ ಕಂಪನಿಯೊಂದು ಕಟ್ಟಿದ ದ್ವೀಪದ ತುಂಬ ಸಿಂದಗಿಯ ಕನ್ನಡ. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಬಿಡದ ಹುಡುಗ ಇಲ್ಲಿ ನಾಲ್ವರ ದಂಡನಾಯಕ. ಅವನ ಮಾತಿಗೆ ಉಳಿದ ಮೂವರು ಓಡುತ್ತಾರೆ, ನಿಲ್ಲುತ್ತಾರೆ, ಮಲಗುತ್ತಾರೆ. ತನ್ನ ಮಾತು ನಾಲ್ಕು ಜನರ ನಡುವೆ ನಡೆಯುತ್ತದೆ ಎಂಬ ಅನುಭವ ಹದಿನೈದರ ವಯಸ್ಸಿಗೆ ಚಿಕ್ಕ ಸಂಗತಿಯಲ್ಲ.

ಹುಡುಗಿಯರ ಪಾಲಿಗೆ ಇದು ಹೆಚ್ಚುಕಡಿಮೆ ಮುಚ್ಚಿದ ಬಾಗಿಲಾಗಿಯೇ ಉಳಿಯಿತು. ಫೋನು ಮೊದಲು ಮಗನ ಕೈಗೆ ಹೋಗುವ ಮನೆಗಳು ನಮ್ಮವು. 2020ರ ಲಾಕ್‌ಡೌನಿನಲ್ಲಿ ಅಕ್ಕತಂಗಿಯರು ಗಂಡನ ಊರಿನಲ್ಲಿ, ತವರಿನಲ್ಲಿ ಕೂತು ಲೂಡೊ ಕಿಂಗ್ ಆಡಿದರು. ಅದರ ಸುಖವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಂದಿನದು ನಿಷೇಧಗಳ ಕಾಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿ ಮೊಬೈಲ್ ನಿಲ್ಲಿಸಿತು. ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಕೊಡಿಸಿದ ಫೋನುಗಳಲ್ಲಿ ಹುಡುಗರು ಫ್ರೀ ಫೈರ್‌ಗೆ ಹಾರಿದರು. 2021ರ ಜುಲೈಯಲ್ಲಿ ಅದೇ ಪಬ್‌ಜಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್‌ಗೆ ತಡೆ ಬಿತ್ತು, ಜುಲೈಯಲ್ಲಿ ಬಿಜಿಎಂಐ ಕೂಡ ಸ್ಟೋರ್‌ಗಳಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಒಂದು ಆಟದಿಂದ ಇನ್ನೊಂದಕ್ಕೆ ಹೋಗುವಾಗ ಹುಡುಗರು ವರ್ಷಗಟ್ಟಲೆ ಗಳಿಸಿದ ರ‍್ಯಾಂಕು, ಬಟ್ಟೆ, ಬಂದೂಕುಗಳನ್ನು ಹಿಂದೆ ಬಿಟ್ಟರು, ಸ್ಕ್ವಾಡನ್ನು ಮಾತ್ರ ಬಿಡಲಿಲ್ಲ. ನಾಲ್ವರೂ ಒಟ್ಟಿಗೆ ಗುಳೆ ಹೋದರು. ಮಜಾ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಅದು ಕರಗಿದ್ದು ಹೇಗೆ? ಆಟ ಹಳೆಯದಾಯಿತು ಎಂಬ ಸುಲಭದ ಉತ್ತರ ನನಗೆ ಒಪ್ಪಿಗೆಯಿಲ್ಲ. ಹಳೆಯದಾಗುವುದು ಉಂಟು. ವಿನ್ಯಾಸಕಾರ ರಾಫ್ ಕಾಸ್ಟರ್ ಹೇಳುವಂತೆ ಆಟದ ಮಜಾ ಕಲಿಕೆಯಲ್ಲಿದೆ, ಕಲಿಯುವುದು ಮುಗಿದ ದಿನ ಬೇಸರ ಶುರುವಾಗುತ್ತದೆ. ಎರಾಂಗೆಲ್‌ನ ಪ್ರತಿ ಮನೆ, ಪ್ರತಿ ದಿನ್ನೆ ಬಾಯಿಪಾಠವಾದ ಮೇಲೆ ದ್ವೀಪದಿಂದ ಹೊಸದೇನೂ ಸಿಗದು. ಆದರೆ ಮನುಷ್ಯರನ್ನು ಕಲಿಯುವುದು ಅಷ್ಟು ಬೇಗ ಮುಗಿಯುವುದಿಲ್ಲ. ಕಂಪನಿಗಳು ಮಾಡಿದ್ದೇನೆಂದರೆ ಮನುಷ್ಯರಿದ್ದ ಜಾಗಕ್ಕೆ ಬೇರೆ ವಸ್ತುಗಳನ್ನು ತಂದು ತುಂಬಿದವು. ಸೀಸನ್ ಮುಗಿದಾಗಲೆಲ್ಲ ರ‍್ಯಾಂಕು ಕೆಳಕ್ಕೆ ಬೀಳುತ್ತದೆ, ಮತ್ತೆ ಹತ್ತಬೇಕು. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಕಡಿಯಿತು. ಹೊಸ ಬಟ್ಟೆಗೆ ಯುಸಿ, ಹೊಸ ಪಾತ್ರಕ್ಕೆ ಡೈಮಂಡ್ ಎಂಬ ಆಟದೊಳಗಿನ ನಾಣ್ಯ, ಎರಡಕ್ಕೂ ರೊಕ್ಕ. ಬಿಜಿಎಂಐ ಬಂದಾಗ ಹದಿನೆಂಟರೊಳಗಿನವರು ದಿನಕ್ಕೆ 3 ಗಂಟೆಗಿಂತ ಹೆಚ್ಚು ಆಡಬಾರದು, 7,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು ಎಂಬ ಕಟ್ಟು ಹಾಕಿದ್ದರು. ಕೂಲಿಯ ಮನೆಯೊಂದು ತಿಂಗಳು ನೂಕುವ ಹಣ, ಒಬ್ಬ ಬಾಲಕನಿಗೆ ದಿನದ ಮಿತಿ! ಎರಡು ಮಿತಿಗಳಲ್ಲಿ ಪಾಲಕರು ಗಾಬರಿಯಾಗಬೇಕಿದ್ದದ್ದು ಎರಡನೆಯದಕ್ಕೆ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ಗೆಳೆಯ ಸಿಗದಿದ್ದರೆ ಕಂಪನಿಯೇ ಎಲ್ಲಿಂದಲೋ ಮೂವರನ್ನು ಹಿಡಿದು ಕೊಡುತ್ತದೆ. ಹುಡುಗರು ಇವರನ್ನು ‘ರ‍್ಯಾಂಡಮ್’ ಎನ್ನುತ್ತಾರೆ. ರ‍್ಯಾಂಡಮ್ ಬೈಯುತ್ತಾನೆ, ಅರ್ಧಕ್ಕೆ ಬಿಟ್ಟು ಹೋಗುತ್ತಾನೆ, ನಾಳೆ ಮತ್ತೆ ಸಿಗುವುದಿಲ್ಲ. ದೊಡ್ಡ ಆಟಗಳಲ್ಲೂ ಇದೇ ಆಗಿದೆ. ವಾರ್‌ಕ್ರಾಫ್ಟ್‌ನಲ್ಲಿ ಗುಹೆಯೊಂದನ್ನು ಹೊಗಬೇಕಾದರೆ ಮೊದಲು ಐವರು ಪರಸ್ಪರ ಹುಡುಕಿ, ಮಾತಾಡಿ, ನಡೆದು ಸೇರಬೇಕಿತ್ತು. 2009ರ ಡಿಸೆಂಬರ್‌ನಲ್ಲಿ ‘ಡಂಜನ್ ಫೈಂಡರ್’ ಬಂತು. ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರ್‌ಗಳಿಂದ ಐವರು ಕೂಡುತ್ತಾರೆ, ಗುಹೆಯ ಬಾಯಿಗೇ ಹೋಗಿ ನಿಲ್ಲುತ್ತಾರೆ, ಮುಗಿದ ಮೇಲೆ ಚದುರುತ್ತಾರೆ. ಅನುಕೂಲವೇ. ಆದರೆ ಪರಿಚಯ ಬೆಳೆಯುವ ದಾರಿ ಅಲ್ಲಿಗೆ ಕಡಿಯಿತು ಎಂದು ಹಳಬರು ಇಂದಿಗೂ ಕೊರಗುತ್ತಾರೆ. 2010ರ ಅಕ್ಟೋಬರ್‌ನಲ್ಲಿ 1.2 ಕೋಟಿ ದಾಟಿದ್ದ ಚಂದಾದಾರರು 2015ರ ಹೊತ್ತಿಗೆ 55 ಲಕ್ಷಕ್ಕೆ ಇಳಿದರು. ಇಳಿತಕ್ಕೆ ಕಾರಣ ಅದೊಂದೇ ಅಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಕಂಪನಿ ಆ ಸೌಲಭ್ಯವಿಲ್ಲದ ಹಳೆಯ ಆಟವನ್ನೇ ಮತ್ತೆ ತೆರೆದಾಗ ಸರ್ವರ್‌ಗಳ ಮುಂದೆ ತಾಸುಗಟ್ಟಲೆ ಪಾಳಿ ಹಚ್ಚಿದವರನ್ನು ಮರೆಯುವಂತಿಲ್ಲ. ರೂನ್‌ಸ್ಕೇಪ್ ಎಂಬ ಇನ್ನೊಂದು ಆಟ ಕೂಡ 2013ರಲ್ಲಿ ಆಟಗಾರರ ಮತ ಪಡೆದು 2007ರ ತನ್ನ ಹಳೆಯ ರೂಪವನ್ನು ಪ್ರತ್ಯೇಕ ಆಟವಾಗಿ ಮತ್ತೆ ತೆರೆಯಿತು. ಅಲ್ಲಿ ಹೊಸದೇನು ಸೇರಿಸಬೇಕಾದರೂ ಆಟಗಾರರ ಮತ ಕೇಳುವ ರೂಢಿಯಿದೆ, ಆ ಆಟ ಇಂದಿಗೂ ಜೀವಂತವಾಗಿದೆ.

ಆಟದೊಳಗಿನ ಪರಿಚಯ ಎಷ್ಟು ದೂರ ಬೆಳೆಯಬಲ್ಲದು ಎಂಬುದಕ್ಕೆ ಒಂದು ಉದಾಹರಣೆ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಸ್ನಾಯು ಕ್ಷಯಿಸುವ ಕಾಯಿಲೆಯಿಂದ 2014ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಗ ಗಾಲಿಕುರ್ಚಿಯಲ್ಲಿ ಒಂಟಿಯಾಗಿಯೇ ಹೋದ ಎಂದು ತಂದೆತಾಯಿ ಮರುಗಿದ್ದರು. ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ಹಾಕಿದಾಗ, ವಾರ್‌ಕ್ರಾಫ್ಟ್‌ನಲ್ಲಿ ಇಬೆಲಿನ್ ಎಂಬ ಹೆಸರಿನಿಂದ ಅವನನ್ನು ಬಲ್ಲವರು ದೇಶದೇಶಗಳಿಂದ ಬರೆದರು. ಅವನು ತಮ್ಮ ಕಷ್ಟ ಕೇಳಿದ್ದನ್ನು, ತಮ್ಮೊಳಗಿನ ಮನಸ್ತಾಪ ಬಿಡಿಸಿದ್ದನ್ನು ನೆನೆದರು. ಕೆಲವರು ಅಂತ್ಯಕ್ರಿಯೆಗೂ ಬಂದರು. 2024ರಲ್ಲಿ ಇದರ ಸಾಕ್ಷ್ಯಚಿತ್ರವನ್ನು ಜಗತ್ತೆಲ್ಲ ನೋಡಿತು. ಅವನಿಗೆ ಆ ಆಟ ವರ್ಷಗಟ್ಟಲೆ ಬೇಸರ ತರಿಸದೆ ಉಳಿದದ್ದು ಅದರ ರಾಕ್ಷಸರಿಂದಲ್ಲ, ಅವನ ಗಿಲ್ಡಿನಿಂದ, ಎಂದರೆ ಆಟದ ಜೊತೆಗಾರರ ಗುಂಪಿನಿಂದ.

ಪಾತ್ರ ತೊಟ್ಟು, ಗುಂಪು ಕಟ್ಟಿ, ಎದುರಾಳಿಯ ಮುಂದೆ ನಿಲ್ಲುವ ಆಟ ಈ ಭಾಗಕ್ಕೆ ಹೊಸತೇನಲ್ಲ. ಲಾವಣಿಕಾರ ಖಾಜಾಭಾಯಿಯ ಊರು ಹಲಸಂಗಿ ಮೊದಲು ಇಂಡಿ ತಾಲ್ಲೂಕಿನಲ್ಲಿತ್ತು, ಈಗ ಚಡಚಣಕ್ಕೆ ಸೇರಿದೆ. ಆ ಸೀಮೆಯಲ್ಲಿ, ಇಡೀ ವಿಜಯಪುರ ಜಿಲ್ಲೆಯಲ್ಲಿ, ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದ ತಲೆಮಾರುಗಳಿಂದ ನಡೆದು ಬಂದಿದೆ. ಹರದೇಶಿಯವರು ಗಂಡಿನ ಪಕ್ಷ, ನಾಗೇಶಿಯವರು ಹೆಣ್ಣಿನ ಪಕ್ಷ. ಡಪ್ಪು, ತುಂತುಣಿ, ತಾಳ. ಒಂದು ಮೇಳ ಸವಾಲು ಎಸೆದರೆ ಇನ್ನೊಂದು ಅದಕ್ಕೆ ಹಾಡಿನಲ್ಲೇ ಜವಾಬು ಕೊಡಬೇಕು, ಬೆಳಗಿನವರೆಗೂ. ಯಾರು ಹೆಚ್ಚು ಎಂಬ ವಾದಕ್ಕೆ ಕೊನೆಯಿಲ್ಲ, ಅದು ಇತ್ಯರ್ಥವಾಗಲಿ ಎಂದು ಕೂತವರೂ ಬಯಸುವುದಿಲ್ಲ. ವಿಷಯ ಹಳೆಯದು, ಮಟ್ಟು ಹಳೆಯದು, ಕೇಳುವವರಿಗೆ ಕತೆಯೂ ಗೊತ್ತು. ಆದರೂ ಜನ ಏಳುವುದಿಲ್ಲ. ಎದುರಿನ ಮೇಳ ಇವತ್ತು ಏನು ಕೇಳೀತು, ನಮ್ಮೂರಿನವರು ಏನು ಹೇಳ್ಯಾರು ಎಂಬುದು ಪ್ರತಿ ರಾತ್ರಿ ಹೊಸದು. ಹಾಡುವವರು, ಎದುರಾಡುವವರು, ಕೂತು ನೋಡುವವರು ಒಬ್ಬರಿಗೊಬ್ಬರು ಗೊತ್ತಿರುವುದರಿಂದಲೇ ಆ ಆಟ ಹಳಸಲಿಲ್ಲ. ಮೊಬೈಲ್ ಆಟಗಳು ಕಳೆದುಕೊಂಡದ್ದು ಇದನ್ನೇ.

ಮಜಾ ಹೋದ ಮೇಲೂ ಆಡುತ್ತಲೇ ಇರುವವರು ಇದ್ದಾರೆ. ನಿಜವಾದ ಆತಂಕ ಇವರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಸಮಸ್ಯೆಯನ್ನು ರೋಗಗಳ ಪಟ್ಟಿಗೆ ಸೇರಿಸಿದಾಗ ಗುರುತಿಸಿದ್ದು ಎಷ್ಟು ತಾಸು ಆಡಿದರು ಎಂಬುದನ್ನಲ್ಲ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕಾಗುತ್ತಿದ್ದರೂ ಬಿಡಲಾಗದಿರುವುದು, ಇವು ಅದರ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಂತ್ರಜ್ಞಾನದ ಚಟಗಳಿಗೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. ಮುದ್ದೇಬಿಹಾಳದ ತಾಯಿಗೆ ಅದು ಬಹಳ ದೂರ. ಈ ಏಳು ವರ್ಷದಲ್ಲಿ ಇಂಥ ಸಲಹೆ ಕೊಡುವವರೊಬ್ಬರು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಾಗಬೇಕಿತ್ತು.

ರೊಕ್ಕ ಹಚ್ಚುವ ಆಟಗಳ ಕತೆ ಬೇರೆ. ರಾಜ್ಯ ಸರಕಾರ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾನೂನು ತಂದು ಹಣದ ಆಟಗಳನ್ನು ನಿಲ್ಲಿಸಿತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ರಮ್ಮಿಯಲ್ಲಿ ಎತ್ತು ಮಾರಿದ ಹಣ ಕಳೆದ ಮನೆಗಳಿಗೆ ಇದು ತಡವಾಗಿ ಬಂದ ನ್ಯಾಯ. ಅದೇ ಕಾನೂನು ಇ–ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿದೆ, ಹಣವಿಲ್ಲದ ಆಟಗಳಿಗೆ ಉತ್ತೇಜನ ಎಂದಿದೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವ ನಮ್ಮ ಅಭ್ಯಾಸ ಇನ್ನಾದರೂ ಬಿಡಬೇಕು. ಎಷ್ಟು ತಾಸು ಆಡಿದಿ ಎಂದು ಮಗನನ್ನು ಕೇಳುವ ತಂದೆ, ಯಾರ ಜೋಡಿ ಆಡಿದಿ ಎಂದೂ ಕೇಳಲಿ. ಮೂವರ ಹೆಸರು ಹೇಳಿದನೆಂದರೆ ಅವನು ಇನ್ನೂ ಆಟದಲ್ಲಿದ್ದಾನೆ. ಹೆಸರೇ ಗೊತ್ತಿಲ್ಲದವರ ಜೋಡಿ ರಾತ್ರಿ ಎರಡರವರೆಗೆ ಕೂಡುತ್ತಿದ್ದರೆ ಹತ್ತಿರ ಕೂತು ಮಾತಾಡಬೇಕು.

ಜಾತ್ರೆ ಕಮಿಟಿಗಳಿಗೂ ಒಂದು ಸೂಚನೆ. ಬಾಗೇವಾಡಿಯ ಬಸವೇಶ್ವರ ಜಾತ್ರೆಯಿರಲಿ, ಉಳಿದ ಊರುಗಳ ಜಾತ್ರೆಯಿರಲಿ, ಕುಸ್ತಿಗೆ ಕಣವಿದೆ, ಸಂಗ್ರಾಣಿ ಕಲ್ಲೆತ್ತಲು ಜಾಗವಿದೆ, ಹಾಡಕಿಗೆ ಕಟ್ಟೆಯಿದೆ. ಬರುವ ಜಾತ್ರೆಗೆ ಒಂದು ಸಂಜೆ ನಾಲ್ಕು ನಾಲ್ಕು ಜನರ ಸ್ಕ್ವಾಡುಗಳನ್ನು ಕರೆಯಿರಿ. ಊರ ಹೆಸರಿನಲ್ಲಿ ತಂಡ, ಒಂದು ದೊಡ್ಡ ಪರದೆ, ಕನ್ನಡದಲ್ಲಿ ವಿವರಣೆ ಹೇಳುವವನೊಬ್ಬ, ಗೆದ್ದವರಿಗೆ ಒಂದು ಕಪ್ಪು. ಪಣವಿಲ್ಲ, ಪ್ರವೇಶ ಶುಲ್ಕವಿಲ್ಲ, ಹದಿನಾರರೊಳಗಿನವರಿಗೆ ಒಂದು ತಾಸಿನ ಮಿತಿ. ಹುಡುಗಿಯರ ತಂಡಕ್ಕೆ ಹೆಸರು ಬರೆಸಲು ಬೇರೆ ಪಾಳಿ ಇಡಿ. ಪುಣೆ, ಗೋವಾದಿಂದ ಜಾತ್ರೆಗೆ ರಜೆ ಹಾಕಿ ಬರುವ ಹುಡುಗರು ಹೇಗೂ ಆ ವಾರ ಊರಲ್ಲೇ ಇರುತ್ತಾರೆ.