ಗೂಗಲ್ ಫಾರ್ಮ್ ಅಂದರೆ ಗೂಗಲ್ ಕಳಿಸಿದ್ದಲ್ಲ: ನೀವು ತುಂಬಿದ ಮಾಹಿತಿ ಯಾರ ಕೈ ಸೇರುತ್ತದೆ?

ಯಲಹಂಕದ ಅಪಾರ್ಟ್‌ಮೆಂಟ್ ಇರಲಿ, ಆರ್.ಟಿ. ನಗರದ ಬೀದಿ ಇರಲಿ, ಬಡಾವಣೆಯ ವಾಟ್ಸಾಪ್ ಗ್ರೂಪಿಗೋ ಮನೆಯವರ ಇಮೇಲ್‌ಗೋ ಆಗಾಗ ಒಂದು ಫಾರ್ಮ್ ಬರುತ್ತಲೇ ಇರುತ್ತದೆ. ಸಂಘದ ಸದಸ್ಯರ ಪಟ್ಟಿ, ಮಕ್ಕಳ ಶಾಲೆಯ ವಿವರ, ಗಣೇಶೋತ್ಸವದ ಊಟದ ಲೆಕ್ಕ. ಅದರ ನಡುವೆಯೇ ಇನ್ನೊಂದು ಬರುತ್ತದೆ: ‘ಗೃಹಲಕ್ಷ್ಮಿ ಹಣ ಬಂದಿಲ್ಲವೇ? ಈ ಫಾರ್ಮ್ ತುಂಬಿ, ಹತ್ತು ಜನರಿಗೆ ಕಳಿಸಿ.’ ನೋಡುವುದಕ್ಕೆ ಎರಡೂ ಒಂದೇ ಥರ. ಹಾಗಾದರೆ ಯಾವುದನ್ನು ನಂಬುವುದು?

ನಂಬಿಕೆ 1: ಗೂಗಲ್ ಹೆಸರಿದೆ, ಬೀಗದ ಚಿಹ್ನೆ ಇದೆ, ಹಾಗಾಗಿ ಸುರಕ್ಷಿತ

ಇದು ತಪ್ಪು. ಜಿಮೇಲ್ ಖಾತೆ ಇರುವ ಯಾರು ಬೇಕಾದರೂ ಐದೇ ನಿಮಿಷದಲ್ಲಿ ಗೂಗಲ್ ಫಾರ್ಮ್ ಮಾಡಬಹುದು. ಮೇಲುಗಡೆ ಸರ್ಕಾರದ ಲಾಂಛನ ಅಂಟಿಸುವುದೂ ಕಷ್ಟವಲ್ಲ. ಗೂಗಲ್ ಇಲ್ಲಿ ಕಾಗದ ಮಾರುವ ಅಂಗಡಿ ಇದ್ದಂತೆ. ಆ ಕಾಗದದ ಮೇಲೆ ಯಾರು ಏನು ಬರೆದರು ಎನ್ನುವುದಕ್ಕೆ ಅಂಗಡಿಯವರು ಹೊಣೆಯಲ್ಲ. ಫಾರ್ಮ್‌ನ ಕೊನೆಯಲ್ಲಿ ಪಾಸ್‌ವರ್ಡ್ ಕೊಡಬೇಡಿ ಎಂದೂ, ಇದು ಗೂಗಲ್ ಸಿದ್ಧಪಡಿಸಿದ್ದಲ್ಲ ಎಂದೂ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಾವು ಅಲ್ಲಿಯವರೆಗೆ ಓದುವುದು ಕಡಿಮೆ.

ಬೀಗದ ಚಿಹ್ನೆಗೆ ಇರುವ ಅರ್ಥ ಇಷ್ಟೇ: ನಿಮ್ಮ ಫೋನಿನಿಂದ ಆ ಜಾಲತಾಣಕ್ಕೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು. ಆ ಕಡೆ ಕೂತವರು ಒಳ್ಳೆಯವರೋ ಕಳ್ಳರೋ ಎಂದು ಅದು ಹೇಳುವುದಿಲ್ಲ.

‘ಸಬ್ಮಿಟ್’ ಒತ್ತಿದ ಮೇಲೆ ಏನಾಗುತ್ತದೆ?

ನಿಮ್ಮ ಉತ್ತರ ಫಾರ್ಮ್ ಮಾಡಿದವರ ಖಾತೆಗೆ ಹೋಗುತ್ತದೆ. ಅವರು ಅದನ್ನು ಎಕ್ಸೆಲ್ ಥರದ ಶೀಟ್‌ನಲ್ಲಿ ಸಾಲುಸಾಲಾಗಿ ನೋಡಬಹುದು. ಅಪ್‌ಲೋಡ್ ಮಾಡಿದ ಆಧಾರ್ ಫೋಟೋ ಅವರ ಡ್ರೈವ್‌ನಲ್ಲಿ ಕೂರುತ್ತದೆ. ಅವರು ಅವಕಾಶ ಕೊಟ್ಟಿರದಿದ್ದರೆ ನೀವು ಉತ್ತರ ತಿದ್ದಲಾಗದು. ಅಂಚೆ ಡಬ್ಬಿಗೆ ಹಾಕಿದ ಕಾಗದದ ಹಾಗೆ, ಹೋಗಿದ್ದು ಹೋಯಿತು.

ಇಮೇಲ್‌ನಲ್ಲಿ ಬರುವ ತುಂಬಬಲ್ಲ ಪಿಡಿಎಫ್‌ನ ಕಥೆಯೂ ಬೇರೆಯಲ್ಲ. ಅದರ ‘ಸಬ್ಮಿಟ್’ ಗುಂಡಿಯ ಹಿಂದೆ ಒಂದು ಇಮೇಲ್ ವಿಳಾಸವನ್ನೋ ಜಾಲತಾಣವನ್ನೋ ಕೂರಿಸಿರುತ್ತಾರೆ. ಫಾರ್ಮ್ ಮೇಲೆ ಇಲಾಖೆಯ ಹೆಸರಿದ್ದರೂ ಉತ್ತರ ಹೋಗುವುದು ಆ ವಿಳಾಸಕ್ಕೆ. ಕಳಿಸಿದವರ ಜಾಗದಲ್ಲಿ ಕಾಣುವ ಹೆಸರನ್ನೂ ಯಾರು ಬೇಕಾದರೂ ತಮಗೆ ಬೇಕಾದಂತೆ ಹಾಕಿಕೊಳ್ಳಬಹುದು. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ. ಅದೂ ಅನುಮಾನ ಹುಟ್ಟಿಸಿದರೆ ಇಲಾಖೆಗೆ ನೇರವಾಗಿ ಕೇಳಿ.

ನಂಬಿಕೆ 2: ಸರ್ಕಾರದ ಯೋಜನೆಗೆ ಫಾರ್ವರ್ಡ್ ಫಾರ್ಮ್ ಸಾಕು

ಗೃಹಲಕ್ಷ್ಮಿಯನ್ನೇ ನೋಡಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಈ ಯೋಜನೆಯ ನೋಂದಣಿ ಶುರುವಾಗಿದ್ದು 2023ರ ಜುಲೈನಲ್ಲಿ. ನೋಂದಣಿ ನಡೆದದ್ದು ಗ್ರಾಮ ಒನ್, ಬೆಂಗಳೂರು ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿ. ಅದಕ್ಕೆ ಶುಲ್ಕ ಇರಲಿಲ್ಲ. ವಾಟ್ಸಾಪ್‌ನಲ್ಲಿ ಹರಿದಾಡುವ ಲಿಂಕ್‌ಗೂ ಆ ನೋಂದಣಿಗೂ ಸಂಬಂಧವಿರಲಿಲ್ಲ. ಹಣ ನಿಂತಿದೆಯೇ, ಹೆಸರು ಬಿಟ್ಟುಹೋಗಿದೆಯೇ ಎಂಬ ಆತಂಕ ಇರುವವರೇ ಇಂಥ ಸಂದೇಶಗಳಿಗೆ ಬೇಗ ಸಿಕ್ಕಿಬೀಳುತ್ತಾರೆ. ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ನಾಲ್ಕೂ ಒಂದೇ ಕಡೆ ಸಿಕ್ಕರೆ, ನಾಳೆ ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಎಂದು ಕರೆ ಮಾಡುವವರ ಮಾತು ನಿಜವೆನಿಸುವುದು ಸುಲಭ. ಒಟಿಪಿ ಕೇಳುವುದು ಆಮೇಲೆ.

ತುಂಬುವ ಮೊದಲು ಏನು ನೋಡಬೇಕು?

• ವಿಳಾಸ: ಕರ್ನಾಟಕ ಸರ್ಕಾರದ ಹೆಚ್ಚಿನ ತಾಣಗಳ ವಿಳಾಸದ ಮೊದಲ ಭಾಗ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಮೊದಲ ಒಂಟಿ ಓರೆಗೆರೆಗೆ ಸ್ವಲ್ಪ ಮುಂಚೆ ಇರುವುದೇ ಮುಖ್ಯ. ‘ಗವ್’ ಎಂಬ ಪದ ಬೇರೆಲ್ಲೋ ಮಧ್ಯದಲ್ಲಿದ್ದರೆ ಸಾಲದು.
• ಕೇಳುವ ಮಾಹಿತಿ: ಊಟದ ಲೆಕ್ಕಕ್ಕೆ ಆಧಾರ್ ಏಕೆ? ಒಟಿಪಿ, ಪಾಸ್‌ವರ್ಡ್, ಯುಪಿಐ ಪಿನ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ.
• ಕಳಿಸಿದವರು: ‘ಗ್ರೂಪಿನಲ್ಲಿ ಬಂತು’ ಎನ್ನುವುದು ಉತ್ತರವಲ್ಲ. ಫಾರ್ಮ್ ಮಾಡಿದವರು ಯಾರೆಂದು ಫೋನ್ ಮಾಡಿ ಕೇಳಿ.
• ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ಕೇಳಿ. ಅದು ಯುಐಡಿಎಐ ತಾಣದಲ್ಲೇ ಸಿಗುತ್ತದೆ.

ಫಾರ್ಮ್ ಕಳಿಸುವವರಿಗೂ ಹೊಣೆ ಇದೆ

ಎಲ್ಲ ಸೋರಿಕೆಯೂ ಕಳ್ಳರಿಂದಲೇ ಆಗುವುದಿಲ್ಲ. ಹೆಬ್ಬಾಳದ ಯಾವುದೋ ಸಂಘದ ಕಾರ್ಯದರ್ಶಿ ಒಳ್ಳೆಯ ಮನಸ್ಸಿನಿಂದಲೇ ಫಾರ್ಮ್ ಮಾಡಿರಬಹುದು. ಆದರೆ ಉತ್ತರಗಳ ಶೀಟ್ ಅನ್ನು ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಇಟ್ಟರೆ ಮನೆಮನೆಯ ಫೋನ್ ಸಂಖ್ಯೆ ಹೊರಗೆ ಹೋದಂತೆಯೇ. ತುಂಬಿದವರಿಗೆಲ್ಲ ಉತ್ತರಗಳ ಸಾರಾಂಶ ತೋರಿಸುವ ಆಯ್ಕೆಯೂ ಗೂಗಲ್ ಫಾರ್ಮ್‌ನಲ್ಲಿದೆ. ಅದನ್ನು ಆರಿಸಿಡಿ. ಯಾರು, ಯಾಕೆ ಕೇಳುತ್ತಿದ್ದೀರಿ ಎಂದು ಮೇಲೆಯೇ ಬರೆಯಿರಿ. ಬೇಕಾದಷ್ಟನ್ನೇ ಕೇಳಿ, ಕೆಲಸ ಮುಗಿದ ಮೇಲೆ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಬಹುಮಟ್ಟಿಗೆ ಇದೇ.

ಈಗಾಗಲೇ ತುಂಬಿಬಿಟ್ಟಿದ್ದರೆ?

ಪಾಸ್‌ವರ್ಡ್ ಕೊಟ್ಟಿದ್ದರೆ ತಕ್ಷಣ ಬದಲಿಸಿ. ಖಾತೆಯ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೋಸ ಹೋದದ್ದಕ್ಕೆ ನಾಚಿಕೆಪಟ್ಟು ಸುಮ್ಮನಿರಬೇಡಿ. ನೀವು ಆ ಫಾರ್ಮ್ ಅನ್ನು ಬೇರೆಯವರಿಗೂ ಕಳಿಸಿದ್ದರೆ, ಅದೇ ಗ್ರೂಪಿನಲ್ಲಿ ‘ತುಂಬಬೇಡಿ’ ಎಂದು ಒಂದು ಸಾಲು ಹಾಕಿ.