ರಕ್ತ ಹೇಳಿದ ಲೆಕ್ಕ

2021ರ ಜುಲೈನಲ್ಲಿ ಐಸಿಎಂಆರ್‌ನ ನಾಲ್ಕನೆಯ ಸೆರೊ ಸಮೀಕ್ಷೆ ಹೊರಬಂತು. ಆರು ವರ್ಷ ತುಂಬಿದ ಭಾರತೀಯರಲ್ಲಿ ಶೇ 67.6ರಷ್ಟು ಮಂದಿಗೆ ಕೊರೊನಾ ಪ್ರತಿಕಾಯಗಳಿದ್ದವು. ಮಧ್ಯಪ್ರದೇಶ ಶೇ 79, ನಮ್ಮ ಕರ್ನಾಟಕ ಶೇ 69.8, ಎಲ್ಲಕ್ಕಿಂತ ಕೆಳಗೆ ಕೇರಳ, ಶೇ 44.4. ಎಸ್ಸೆಸ್ಸೆಲ್ಸಿ ಫಲಿತಾಂಶ ಓದುವ ಹಾಗೆ ಇದನ್ನು ಓದಿ, ಕೇರಳ ಫೇಲಾಯಿತೆಂದು ನಕ್ಕವರನ್ನು ನಾನು ಕಂಡಿದ್ದೇನೆ.

ಇದು ಅಂಕಪಟ್ಟಿಯಲ್ಲ ಸ್ವಾಮಿ. ಪ್ರತಿಕಾಯ ಹುಟ್ಟುವುದು ಲಸಿಕೆಯಿಂದ, ಇಲ್ಲವೇ ಸೋಂಕಿನಿಂದ. ಒಂದು ಡೋಸೂ ಪಡೆಯದವರಲ್ಲೇ ಶೇ 62.3ರಷ್ಟು ಮಂದಿಗೆ ಪ್ರತಿಕಾಯವಿತ್ತು. ಅಂದರೆ ವೈರಸ್ ಅವರ ಮೈ ಹೊಕ್ಕು ಹೋಗಿತ್ತು. ಕೇರಳದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದರ ಕೈಗೆ ಸಿಕ್ಕಿರಲಿಲ್ಲ, ಲಸಿಕೆಗೆ ಕಾಯುವ ಅವಕಾಶ ಅವರಿಗಿನ್ನೂ ಉಳಿದಿತ್ತು. ಇದನ್ನು ಸೋಲು ಎನ್ನುವುದು ಹೇಗೆ?

ಆಗ ಸರ್ಕಾರಿ ಲೆಕ್ಕದಲ್ಲಿದ್ದ ಸೋಂಕಿತರು ದೇಶಕ್ಕೆಲ್ಲ ಮೂರು ಕೋಟಿ ಚಿಲ್ಲರೆ. ರಕ್ತ ಹೇಳಿದ್ದು ಅದರ ಎಷ್ಟೋ ಪಟ್ಟು. ಲಕ್ಷಣವೇ ಕಾಣದವರು ಬಹಳ ಮಂದಿ ಇದ್ದರು, ಒಪ್ಪುತ್ತೇನೆ. ಆದರೆ ಊರಲ್ಲೇ ಜ್ವರ ಹಿಡಿದು ಮಲಗಿ, ಪರೀಕ್ಷೆಯಿಲ್ಲದೆ ಎದ್ದವರು? ‘ಹರ್ಡ್ ಇಮ್ಯುನಿಟಿ’ ಎಂದು ಸಂಭ್ರಮಿಸಿದವರು ಅವರನ್ನು ವಿಚಾರಿಸಲಿಲ್ಲ. ಮಲಗಿ ಏಳದವರನ್ನಂತೂ ಈ ಸಮೀಕ್ಷೆಯೂ ಮುಟ್ಟಲಾರದು. ಅದಕ್ಕೆ ರಕ್ತ ಕೊಟ್ಟವರೆಲ್ಲ ಬದುಕುಳಿದವರೇ.